ಗಿಟಾರ್ ಕಲಿಕೆ: ಹೊಸಬರು ಎಡವುವುದೆಲ್ಲಿ?

ಗಿಟಾರ್ ಈಗ ಮಹಾನಗರಗಳ ವಾದ್ಯವಾಗಿ ಉಳಿದಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ತಾಲ್ಲೂಕು ಕೇಂದ್ರಗಳಲ್ಲಿಯೂ ಬೆರಳ ತುದಿಯ ಒಂದು ಒತ್ತಿಗೆ ವಾದ್ಯ ಮನೆ ಬಾಗಿಲಿಗೆ ಬರುತ್ತದೆ. ಪಾಠಗಳು ಮೊಬೈಲ್ ಪರದೆಯ ಮೇಲೆ ಉಚಿತವಾಗಿ ಸಿಗುತ್ತವೆ. ಆದರೆ ಹೀಗೆ ಬಂದ ವಾದ್ಯಗಳ ಪೈಕಿ ಅನೇಕವು ಕೆಲವೇ ತಿಂಗಳಲ್ಲಿ ಗೋಡೆಯ ಮೊಳೆಗೆ ತೂಗುಬೀಳುತ್ತವೆ. ‘ನನಗೆ ಸಂಗೀತ ಒಲಿಯುವುದಿಲ್ಲ’ ಎಂದು ಕಲಿಯುವವರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ವಾಸ್ತವವಾಗಿ ಕೈಬಿಟ್ಟವರಲ್ಲಿ ಬಹುಪಾಲು ಮಂದಿಗೆ ಕೊರತೆಯಾದದ್ದು ಪ್ರತಿಭೆಯಲ್ಲ. ಆರಂಭದ ಹೆಜ್ಜೆಗಳಲ್ಲಿ ತಿದ್ದುವವರು ಇಲ್ಲದ್ದು. ಪಕ್ಕದಲ್ಲಿ ಗುರುವಿಲ್ಲದೆ, ದಾವಣಗೆರೆಗೋ ಶಿವಮೊಗ್ಗಕ್ಕೋ ವಾರಕ್ಕೊಮ್ಮೆ ಹೋಗಿಬರುವ ಅನುಕೂಲವೂ ಇಲ್ಲದೆ ಕಲಿಯುವವರು ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ವಾದ್ಯದ ಆಯ್ಕೆಯಲ್ಲೇ ಮೊದಲ ತಪ್ಪು

ಬಣ್ಣ ಮತ್ತು ಬೆಲೆ ನೋಡಿ ಗಿಟಾರ್ ಕೊಳ್ಳುವವರು ಗಮನಿಸದೆ ಬಿಡುವುದು ತಂತಿಯ ಎತ್ತರವನ್ನು. ವೀಣೆಯ ಮೆಟ್ಟುಗಳಂತೆ ಗಿಟಾರಿನ ಕತ್ತಿನ ಮೇಲೆ ಲೋಹದ ಅಡ್ಡಪಟ್ಟಿಗಳಿರುತ್ತವೆ. ಇವುಗಳಿಗೆ ಫ್ರೆಟ್ ಎಂದು ಹೆಸರು. ಹನ್ನೆರಡನೆಯ ಫ್ರೆಟ್ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಶಾಲಾ ಮಕ್ಕಳ ಅಳತೆಪಟ್ಟಿಯಿಂದಲೇ ನೋಡಬಹುದು. ಉಕ್ಕಿನ ತಂತಿಯ ವಾದ್ಯದಲ್ಲಿ ಅದು 2ರಿಂದ 3 ಮಿಲಿಮೀಟರ್ ಇರುವುದು ಹಿತಕರ. ನೈಲಾನ್ ತಂತಿಯ ವಾದ್ಯದಲ್ಲಿ ಸ್ವಲ್ಪ ಹೆಚ್ಚಿದ್ದರೂ ನಡೆಯುತ್ತದೆ. ಉಕ್ಕಿನ ತಂತಿ 4 ಮಿಲಿಮೀಟರ್ ಮೀರಿ ನಿಂತಿದ್ದರೆ ನುರಿತವರ ಬೆರಳೂ ಸೋಲುತ್ತದೆ. ಹೊಸಬರು ಇದನ್ನು ತಮ್ಮ ದೌರ್ಬಲ್ಯವೆಂದು ಭಾವಿಸುವುದೇ ದುರಂತ. ವಾದ್ಯ ದುರಸ್ತಿ ಮಾಡುವವರು ತಂತಿಯ ಎತ್ತರವನ್ನು ಇಳಿಸಿಕೊಡಬಲ್ಲರು.

ಎರಡನೆಯದು ತಂತಿಯ ವಿಚಾರ. ಉಕ್ಕಿನ ಆರು ತಂತಿಗಳು ಒಟ್ಟಾಗಿ ಸುಮಾರು 70 ಕಿಲೋ ತೂಕದಷ್ಟು ಬಲದಿಂದ ವಾದ್ಯವನ್ನು ಎಳೆಯುತ್ತವೆ. ನೈಲಾನ್ ತಂತಿಗಳ ಎಳೆತ ಸುಮಾರು 40 ಕಿಲೋ ಮಾತ್ರ. ನೈಲಾನ್ ತಂತಿಗಾಗಿ ರೂಪಿಸಿದ ವಾದ್ಯಕ್ಕೆ ಉಕ್ಕಿನ ತಂತಿ ಬಿಗಿದರೆ ಕತ್ತು ಬಾಗಬಹುದು, ಸೇತುವೆಯೇ ಕಿತ್ತು ಬರಬಹುದು. ಕೂಡಲೇ ಸರಿಪಡಿಸಲಾಗದ ನಷ್ಟ ಇದು.

ಬಿಸಿಲು, ತೇವ ಮತ್ತು ಮರ

ಗಿಟಾರ್ ಮರದ ವಾದ್ಯ; ಮರವು ಗಾಳಿಯ ತೇವಾಂಶಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಶೇಕಡ 45ರಿಂದ 55ರಷ್ಟು ತೇವಾಂಶ ಅದಕ್ಕೆ ಹಿತ. ಮಳೆ ಕಡಿಮೆ ಇರುವ ಜಗಳೂರಿನ ಬೇಸಿಗೆಯಲ್ಲಿ ಮರ ಕುಗ್ಗಿ ಫ್ರೆಟ್‌ಗಳ ಅಂಚು ಕೈಗೆ ತರಚುವಂತೆ ಹೊರಚಾಚಬಹುದು, ಮುಂಭಾಗದ ಹಲಗೆ ಸೀಳಬಹುದು. ಮಲೆನಾಡಿನ ಸೆರಗಿನಲ್ಲಿರುವ ನ್ಯಾಮತಿ, ಹೊನ್ನಾಳಿ ಕಡೆಯ ಮಳೆಗಾಲದಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯುತ್ತದೆ: ಹಲಗೆ ಉಬ್ಬಿ ತಂತಿ ಮೇಲೇಳುತ್ತದೆ. ಸೂಳೆಕೆರೆಯ ನೀರು, ಅಡಿಕೆ ತೋಟಗಳ ತಂಪು ಇರುವ ಚನ್ನಗಿರಿಯ ಸೀಮೆಯಲ್ಲಿಯೂ ಋತುವಿಗೆ ತಕ್ಕ ವ್ಯತ್ಯಾಸ ತಪ್ಪಿದ್ದಲ್ಲ. ಹೊರಗೋಡೆಗೆ ತೂಗುಹಾಕುವುದು, ಕಿಟಕಿಯ ಬಿಸಿಲಿಗೆ ಒರಗಿಸುವುದು, ನಿಲ್ಲಿಸಿದ ಕಾರಿನಲ್ಲಿ ಬಿಡುವುದು ಇವೆಲ್ಲ ವರ್ಜ್ಯ. ನುಡಿಸದಿರುವಾಗ ಚೀಲದಲ್ಲಿಡುವುದೇ ಕ್ಷೇಮ.

ಶ್ರುತಿಗೂಡದ ಅಭ್ಯಾಸ

ವೃತ್ತಿರಂಗಭೂಮಿ ಮತ್ತು ಭಜನಾ ಮಂಡಳಿಗಳ ಮೂಲಕ ನಮ್ಮ ಊರುಗಳಿಗೆ ಪರಿಚಿತವಾದ ಸ್ವರವಾದ್ಯ ಹಾರ್ಮೋನಿಯಂ. ಅದನ್ನು ನುಡಿಸುವವರು ಪ್ರತಿದಿನ ಶ್ರುತಿ ಮಾಡಬೇಕಿಲ್ಲ. ಗಿಟಾರ್ ಹಾಗಲ್ಲ. ಕೈಗೆತ್ತಿಕೊಂಡಾಗಲೆಲ್ಲ ಆರು ತಂತಿಗಳನ್ನೂ ಶ್ರುತಿಗೆ ತರಬೇಕು. ದಪ್ಪ ತಂತಿಯಿಂದ ತೆಳು ತಂತಿಯವರೆಗೆ ಅವು ಕ್ರಮವಾಗಿ ಇ, ಎ, ಡಿ, ಜಿ, ಬಿ, ಇ ಸ್ವರಗಳು. ಐದನೆಯ ತಂತಿಯಾದ ಎ ಸೆಕೆಂಡಿಗೆ 110 ಬಾರಿ ಕಂಪಿಸಬೇಕು. ಮೊಬೈಲ್‌ನ ಶ್ರುತಿ ತಂತ್ರಾಂಶ ಇದನ್ನು ತೋರಿಸುತ್ತದೆಯಾದರೂ ಅಷ್ಟಮ ಸ್ಥಾಯಿಯ ವ್ಯತ್ಯಾಸವನ್ನು ಗಮನಿಸದೆ ಬಿರಡೆ ತಿರುಗಿಸುತ್ತ ಹೋದವರು ತಂತಿ ಕಡಿದುಕೊಳ್ಳುತ್ತಾರೆ. ಸ್ವರವನ್ನು ಸದಾ ಕೆಳಗಿನಿಂದ ಮೇಲಕ್ಕೆ ತಂದು ನಿಲ್ಲಿಸಬೇಕು. ಮೇಲಿನಿಂದ ಸಡಿಲಿಸಿ ನಿಲ್ಲಿಸಿದ ತಂತಿ ಬೇಗ ಇಳಿಯುತ್ತದೆ. ಶ್ರುತಿಗೂಡದ ವಾದ್ಯದಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದರೆ ಕಿವಿಯೇ ಕೆಡುತ್ತದೆ ಎಂಬುದು ಹೆಚ್ಚು ಅಪಾಯಕಾರಿ.

ಬೆರಳು ಮತ್ತು ಮಣಿಕಟ್ಟು

ಹೊಸಬರು ಬೆರಳನ್ನು ಎರಡು ಫ್ರೆಟ್‌ಗಳ ನಡುಮಧ್ಯದಲ್ಲೋ, ಪಟ್ಟಿಯ ಮೇಲೆಯೋ ಇಡುತ್ತಾರೆ. ಸರಿಯಾದ ಸ್ಥಾನ ಫ್ರೆಟ್‌ಗೆ ತಾಗಿದಂತೆ ಅದರ ಹಿಂಬದಿ. ಅಲ್ಲಿ ಅತಿ ಕಡಿಮೆ ಒತ್ತಡಕ್ಕೇ ಸ್ವರ ಸ್ಪಷ್ಟವಾಗಿ ಹೊಮ್ಮುತ್ತದೆ. ಬೆರಳ ತುದಿಯಲ್ಲಿ ಒತ್ತಬೇಕಾದ್ದರಿಂದ ಎಡಗೈಯ ಉಗುರು ಚಿಕ್ಕದಾಗಿರಬೇಕು. ಹೆಬ್ಬೆರಳು ಕತ್ತಿನ ಹಿಂಬದಿಯಲ್ಲಿ ಸಡಿಲವಾಗಿ ನಿಲ್ಲಬೇಕೇ ಹೊರತು ಹಿಡಿಕೆಯಂತೆ ಅಮುಕಬಾರದು.

ಇಲ್ಲಿ ಒಂದು ಭೇದವನ್ನು ಅರಿಯುವುದು ಅಗತ್ಯ. ಬೆರಳ ತುದಿಯ ಉರಿ ಸಹಜ. ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾಗಿ ಅದು ತಣಿಯುತ್ತದೆ. ಆದರೆ ಮಣಿಕಟ್ಟು, ಮುಂಗೈಗಳಲ್ಲಿ ನೋವು ಅಥವಾ ಬೆರಳುಗಳಲ್ಲಿ ಜೋಮು ಕಾಣಿಸಿಕೊಂಡರೆ ಅದು ಸಹಿಸಬೇಕಾದ ತಪಸ್ಸಲ್ಲ. ಕೂಡಲೇ ನುಡಿಸುವುದನ್ನು ನಿಲ್ಲಿಸಿ ಕೂರುವ ಭಂಗಿಯನ್ನು ತಿದ್ದಿಕೊಳ್ಳಬೇಕು. ನೋವು ಮುಂದುವರಿದರೆ ವೈದ್ಯರನ್ನು ಕಾಣಬೇಕು.

ಎಫ್ ಎಂಬ ಮೊದಲ ಗೋಡೆ

ಸಿ, ಜಿ, ಡಿ, ಎ ಮೈನರ್, ಇ ಮೈನರ್ ಸ್ವರಮೇಳಗಳನ್ನು ಕಲಿತವರು ಎಫ್ ಬಳಿ ಬಂದು ನಿಂತುಬಿಡುತ್ತಾರೆ. ತೋರುಬೆರಳನ್ನು ಅಡ್ಡಲಾಗಿಟ್ಟು ಆರೂ ತಂತಿಗಳನ್ನು ಒತ್ತಬೇಕಾದ ಈ ಸ್ವರಮೇಳವು ಮೊದಲ ಫ್ರೆಟ್‌ನಲ್ಲಿಯೇ ಬರುತ್ತದೆ. ತಂತಿ ಅತ್ಯಂತ ಬಿರುಸಾಗಿರುವುದೂ ಅಲ್ಲಿಯೇ. ಇದೇ ಅಡ್ಡಬೆರಳ ಹಿಡಿತವನ್ನು ಐದನೆಯ ಫ್ರೆಟ್‌ನಲ್ಲಿ ರೂಢಿಸಿಕೊಂಡು ಕ್ರಮೇಣ ಕೆಳಗಿಳಿಯುವುದು ಜಾಣತನ. ಅಲ್ಲಿಯವರೆಗೆ ನಾಲ್ಕನೆಯ ತಂತಿಯ ಮೂರನೆಯ, ಮೂರನೆಯ ತಂತಿಯ ಎರಡನೆಯ, ಎರಡನೆಯ ತಂತಿಯ ಮೊದಲನೆಯ ಫ್ರೆಟ್ ಒತ್ತಿ, ಮೊದಲ ತಂತಿಯನ್ನು ಮುಕ್ತವಾಗಿ ಬಿಟ್ಟು ಈ ನಾಲ್ಕನ್ನೇ ಮೀಟಿದರೆ ಬಹುತೇಕ ಹಾಡುಗಳು ಸಾಗುತ್ತವೆ.

ನಮ್ಮ ಹಾಡು, ಅವರ ಪಾಠ

ಕನ್ನಡದ ಕಲಿಯುವವರಿಗೆ ಎದುರಾಗುವ ತೊಡಕೊಂದಿದೆ. ಅಂತರ್ಜಾಲದ ಪಾಠಗಳಲ್ಲಿ ಹೆಚ್ಚಿನವು ನಾಲ್ಕು ಎಣಿಕೆಯ ಪಾಶ್ಚಾತ್ಯ ಹಾಡುಗಳಿಗಾಗಿ ರಚಿತವಾದವು. ನಮ್ಮ ಭಾವಗೀತೆ, ಭಜನೆ, ಚಲನಚಿತ್ರ ಗೀತೆಗಳಲ್ಲಿ ಆರು ಮಾತ್ರೆಯ ದಾದ್ರಾ ನಡೆಯವು ಹೇರಳವಾಗಿವೆ. ನಾಲ್ಕರ ಮೀಟು ಕಲಿತ ಕೈ ಆರರ ಹಾಡಿಗೆ ಹೊಂದದೆ ತಡವರಿಸುತ್ತದೆ. ಮೊದಲು ಕೈಯಲ್ಲಿ ತಾಳ ಹಾಕಿ ಎಣಿಕೆಯನ್ನು ಗುರುತಿಸಿಕೊಂಡು, ಬಳಿಕ ಮೀಟಬೇಕು.

ಸ್ವರಮೇಳದಲ್ಲಿಯೂ ಇದೇ ಎಚ್ಚರ ಬೇಕು. ಸಿ ಸ್ವರವನ್ನು ಷಡ್ಜವಾಗಿಟ್ಟು ಕಲ್ಯಾಣಿಯ ಛಾಯೆಯ ಹಾಡಿಗೆ ರೂಢಿಯಂತೆ ಎಫ್ ಮೇಳವನ್ನು ಸೇರಿಸಿದರೆ ಅಪಸ್ವರ ಕೇಳಿಸುತ್ತದೆ. ಕಲ್ಯಾಣಿಯದು ಪ್ರತಿ ಮಧ್ಯಮ, ಎಫ್ ಮೇಳದಲ್ಲಿರುವುದು ಶುದ್ಧ ಮಧ್ಯಮ. ಅಲ್ಲಿ ಡಿ ಮೇಳ ಒಪ್ಪುತ್ತದೆ. ಹಾಡುವವರ ಶ್ರುತಿ ಹಾರ್ಮೋನಿಯಂನ ಕಪ್ಪು ಒಂದು ಆಗಿದ್ದರೆ, ಕೇಪೋ ಎಂಬ ಹಿಡಿಕೆಯನ್ನು ಮೊದಲ ಫ್ರೆಟ್‌ಗೆ ಹಾಕಿ ಸಿ ಮೇಳದ ಬೆರಳುಗಳನ್ನೇ ಬಳಸಬಹುದು.

ಬೆರಳ ಸಾಧನೆಗೆ ವಿದೇಶಿ ಪಾಠವೇ ಬೇಕೆಂದಿಲ್ಲ. ಪುರಂದರದಾಸರು ರೂಪಿಸಿದರೆಂದು ಸಂಪ್ರದಾಯ ನಂಬುವ, ಮಾಯಾಮಾಳವಗೌಳದ ಸರಳೆ ವರಸೆಗಳು ಇದಕ್ಕೆ ಸೊಗಸಾಗಿ ಒದಗುತ್ತವೆ. ಐದನೆಯ ತಂತಿಯ ಮೂರು ಮತ್ತು ನಾಲ್ಕನೆಯ ಫ್ರೆಟ್‌ಗಳಲ್ಲಿ ಸ, ರಿ. ನಾಲ್ಕನೆಯ ತಂತಿಯ ಎರಡು ಮತ್ತು ಮೂರರಲ್ಲಿ ಗ, ಮ. ಮೂರನೆಯ ಮುಕ್ತ ತಂತಿ ಪ, ಅದರ ಮೊದಲ ಫ್ರೆಟ್ ದ. ಎರಡನೆಯ ಮುಕ್ತ ತಂತಿ ನಿ, ಅದರ ಮೊದಲ ಫ್ರೆಟ್ ತಾರ ಸ. ಇದನ್ನೇ ಮೂರು ಕಾಲಗಳಲ್ಲಿ ನುಡಿಸಿದರೆ ಬೆರಳು, ಕಿವಿ, ಲಯ ಮೂರೂ ಒಟ್ಟಿಗೆ ಪಳಗುತ್ತವೆ.

ಗಿಟಾರ್ ನಮ್ಮ ಸಂಗೀತಕ್ಕೆ ಒಗ್ಗದು ಎಂಬ ಶಂಕೆ ಬೇಡ. ಬ್ರಿಜ್ ಭೂಷಣ್ ಕಾಬ್ರಾ ಅದನ್ನು ಹಿಂದೂಸ್ತಾನಿ ವೇದಿಕೆಗೆ ತಂದರು. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಆ ಹಾದಿಯಲ್ಲಿ ಸಾಗಿದವರು. ಶಿಶುನಾಳ ಷರೀಫರ ಪದಗಳನ್ನು ರಘು ದೀಕ್ಷಿತ್ ಗಿಟಾರ್ ಹಿಡಿದೇ ಹೊಸ ತಲೆಮಾರಿಗೆ ತಲುಪಿಸಿದರು.

ಆತುರವೇ ದೊಡ್ಡ ಶತ್ರು

ಭಾನುವಾರ ಮೂರು ಗಂಟೆ ನುಡಿಸಿ ಉಳಿದ ಆರು ದಿನ ಮುಟ್ಟದಿರುವುದಕ್ಕಿಂತ ನಿತ್ಯ 20 ನಿಮಿಷದ ಅಭ್ಯಾಸ ಮೇಲು. ನಿಮಿಷಕ್ಕೆ 60 ಎಣಿಕೆಯ ಮಂದಗತಿಯಲ್ಲಿ ತಪ್ಪಿಲ್ಲದೆ ಬಂದ ಮೇಲಷ್ಟೇ ವೇಗ ಹೆಚ್ಚಿಸಬೇಕು. ವೇಗದಲ್ಲಿ ಅಭ್ಯಾಸವಾದ ತಪ್ಪನ್ನು ಅಳಿಸುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ. ದಿನಕ್ಕೊಂದು ಪಾಠಮಾಲೆಗೆ ಹಾರದೆ ಒಂದನ್ನು ಆಯ್ದು ಮುಗಿಸುವುದು ಒಳಿತು. ವಾರಕ್ಕೊಮ್ಮೆ ತಮ್ಮ ವಾದನವನ್ನು ಮೊಬೈಲ್‌ನಲ್ಲಿ ಮುದ್ರಿಸಿಕೊಂಡು ಕೇಳಿದರೆ ದೋಷಗಳು ತಾವಾಗಿಯೇ ಗೋಚರಿಸುತ್ತವೆ.

ಗಿಟಾರ್ ಗುರು ಸಿಗದ ಊರಿನಲ್ಲಿಯೂ ಹಾರ್ಮೋನಿಯಂ ಅಥವಾ ತಬಲಾ ಬಲ್ಲವರು ಸಿಕ್ಕಾರು. ಬೆರಳಿನ ಜಾಗವನ್ನು ಅವರು ತಿದ್ದಲಾರರು, ನಿಜ. ಆದರೆ ಶ್ರುತಿ ಜಾರಿದ್ದನ್ನು, ಲಯ ತಪ್ಪಿದ್ದನ್ನು ತಕ್ಷಣ ಹೇಳಬಲ್ಲರು. ಊರಿನ ಭಜನೆಯಲ್ಲಿ ಅವರೊಂದಿಗೆ ಕುಳಿತು ಒಂದು ಸಂಜೆ ನುಡಿಸಿದರೆ ಪರದೆಯ ಮುಂದೆ ಒಂದು ತಿಂಗಳು ಕಳೆದರೂ ತಿಳಿಯದ್ದು ತಿಳಿಯುತ್ತದೆ. ಹಾಡುತ್ತ ಹಾಡುತ್ತ ರಾಗ ಎಂಬ ಗಾದೆ ನಮ್ಮ ಹಿರಿಯರದು. ವಾದ್ಯ ಹದವಾಗಿದ್ದು, ಶ್ರುತಿ ಸೇರಿದ್ದು, ಕೈಗೆ ನೋವಿಲ್ಲದಿದ್ದರೆ ಆ ಮಾತು ಗಿಟಾರಿಗೂ ಸಲ್ಲುತ್ತದೆ.