ರಕ್ತ ಹೇಳುವ ಸುದ್ದಿ

ಹೊಲದಲ್ಲಿ ಕಾಲಿಗೆ ಜಾಲಿ ಮುಳ್ಳು ಚುಚ್ಚಿತು. ಮಾರನೇ ದಿನ ಏನಾಗುತ್ತೆ? ಆ ಜಾಗ ಕೆಂಪಾಗುತ್ತೆ. ಊದುತ್ತೆ. ಉರಿಯುತ್ತೆ. ಇದೇ ಉರಿಯೂತ. ಅಂದರೆ ಉರಿ ಮತ್ತು ಊತ. ನಮ್ಮ ದೇಹ ರೋಗದ ಜೊತೆ ಹೋರಾಡುತ್ತಿದೆ ಎಂಬುದರ ಗುರುತು ಇದು.

ಕಾಲಿನ ಊತ ಕಣ್ಣಿಗೆ ಕಾಣುತ್ತೆ. ಶ್ವಾಸಕೋಶದ ಒಳಗಿನ ಊತ ಕಾಣುವುದಿಲ್ಲ. ಅದನ್ನು ತಿಳಿಯುವುದು ಹೇಗೆ?

2020ರಲ್ಲಿ ಕೊರೊನಾ ರೋಗ ನಮ್ಮ ನಾಡಿಗೆ ಬಂತು. ಆ ವರ್ಷದ ಮಾರ್ಚ್ 27ರಂದು ತುಮಕೂರು ಜಿಲ್ಲೆಯಲ್ಲಿ ಮೊದಲ ಸಾವಾಯಿತು. 2021ರ ಬೇಸಿಗೆಯಲ್ಲಿ ರೋಗ ಹಳ್ಳಿಗಳಿಗೂ ನುಗ್ಗಿತು. ಎಷ್ಟೋ ಜನ ಮನೆಯಲ್ಲೇ ಗುಣವಾದರು. ಕೆಲವರಿಗೆ ಮಾತ್ರ ರೋಗ ಜೋರಾಯಿತು. ಯಾಕೆ? ದೇಹದ ಹೋರಾಟ ಮಿತಿ ಮೀರಿತು. ಒಲೆಯ ಬೆಂಕಿ ಅಡುಗೆ ಮಾಡುತ್ತೆ. ಅದೇ ಬೆಂಕಿ ಸೂರಿಗೆ ಹತ್ತಿದರೆ ಮನೆಯೇ ಸುಡುತ್ತೆ. ಹಾಗೇ ಆಯಿತು.

ಈ ಒಳಗಿನ ಉರಿಯನ್ನು ತಿಳಿಯಲು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತಾರೆ. ಮುಖ್ಯವಾದ ಮೂರು ನೋಡೋಣ.

ಸಿ.ಆರ್.ಪಿ.: ಇದು ಲಿವರ್ ತಯಾರಿಸುವ ವಸ್ತು. ಸಾಮಾನ್ಯವಾಗಿ ಒಂದು ಲೀಟರ್ ರಕ್ತದಲ್ಲಿ 10 ಮಿಲಿಗ್ರಾಂಗಿಂತ ಕಡಿಮೆ ಇರುತ್ತೆ. ಕೊರೊನಾ ಜೋರಾದವರಲ್ಲಿ 100 ದಾಟಿದ್ದೂ ಉಂಟು.

ಫೆರಿಟಿನ್: ಇದು ಕಬ್ಬಿಣದ ಅಂಶ ಕೂಡಿಡುವ ಕಣಜ. ಉರಿಯೂತ ಹೆಚ್ಚಾದರೆ ಇದೂ ಏರುತ್ತೆ.

ಡಿ-ಡೈಮರ್: ಹೆಪ್ಪುಗಟ್ಟಿದ ರಕ್ತ ಕರಗುವಾಗ ಉಳಿಯುವ ಚೂರುಗಳಿವು. ಇವು ಏರಿದರೆ ರಕ್ತನಾಳದಲ್ಲಿ ಹೆಪ್ಪು ಇರಬಹುದು ಎಂದು ವೈದ್ಯರು ಎಚ್ಚರ ವಹಿಸುತ್ತಾರೆ.

"ಸಿ.ಆರ್.ಪಿ. ಏರಿದೆ ಅಂದ್ರೆ ಕೊರೊನಾನೇನಾ?" ಅಲ್ಲಮ್ಮ. ಬೇರೆ ಸೋಂಕಿನಲ್ಲೂ ಅದು ಏರುತ್ತೆ. ಒಂದು ಸಲದ ಅಂಕಿ ಸಾಲದು. ಅಂಕಿ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಬೇಕು. ಜೊತೆಗೆ ರೋಗಿಯ ಉಸಿರು, ವಯಸ್ಸು, ಸಕ್ಕರೆ ಕಾಯಿಲೆ ಎಲ್ಲವನ್ನೂ ವೈದ್ಯರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಉರಿಯೂತ ತಗ್ಗಿಸಲು ಔಷಧಿ ಇದೆ. ಡೆಕ್ಸಾಮೆಥಾಸೋನ್ ಅಂತ ಅದರ ಹೆಸರು. ಅಗ್ಗದ ಸ್ಟಿರಾಯ್ಡ್ ಔಷಧಿ. ಆಮ್ಲಜನಕ ಬೇಕಾದ ರೋಗಿಗಳ ಜೀವ ಇದರಿಂದ ಉಳಿಯುತ್ತದೆ ಎಂದು 2020ರ ಜೂನ್‌ನಲ್ಲಿ ಬ್ರಿಟನ್ನಿನ ಸಂಶೋಧಕರು ತಿಳಿಸಿದರು. ಆದರೆ ಆಮ್ಲಜನಕ ಬೇಡದವರಿಗೆ ಲಾಭ ಕಾಣಲಿಲ್ಲ. ವೈದ್ಯರನ್ನು ಕೇಳದೆ ನುಂಗಿದರೆ ರಕ್ತದಲ್ಲಿ ಸಕ್ಕರೆ ಏರುತ್ತೆ. 2021ರಲ್ಲಿ ಕಪ್ಪು ಶಿಲೀಂಧ್ರ ರೋಗ ಹಬ್ಬಲು ಇಂಥ ಬಳಕೆಯೂ ಒಂದು ಕಾರಣ.

ಅಕ್ಕಂದಿರೇ, ನಾವು ಹೆಂಗಸರು ಜ್ವರ ಬಂದರೂ ಮುಚ್ಚಿಟ್ಟು ದುಡಿಯುತ್ತೇವೆ. ಹಾಗೆ ಮಾಡಬೇಡಿ. ಉಸಿರಾಡಲು ಕಷ್ಟವಾದರೆ ತಡ ಮಾಡಬೇಡಿ. ಬೆರಳಿಗೆ ಹಾಕುವ ಯಂತ್ರದಲ್ಲಿ ಆಮ್ಲಜನಕ 94ಕ್ಕಿಂತ ಕಡಿಮೆ ತೋರಿಸಿದರೂ ಅಷ್ಟೆ. ಹೆಬ್ಬೂರಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಆಶಾ ಕಾರ್ಯಕರ್ತೆಗೆ ಹೇಳಿ. ತುರ್ತಾದರೆ 108ಕ್ಕೆ ಫೋನ್ ಮಾಡಿ.

ರಕ್ತ ಪರೀಕ್ಷೆಯ ಚೀಟಿ ಇಂಗ್ಲಿಷಿನಲ್ಲಿರಬಹುದು. ಹೆದರಬೇಡಿ. ಅಂಕಿ ಓದಲು ನಿಮಗೆ ಈಗ ಬರುತ್ತೆ. ರೋಗಿಯ ಅಂಕಿ ಒಂದು ಕಡೆ, ಇರಬೇಕಾದ ಅಂಕಿ ಇನ್ನೊಂದು ಕಡೆ ಇರುತ್ತೆ. ಎರಡನ್ನೂ ಓದಿ. ಹಳೆಯ ಚೀಟಿಗಳನ್ನು ಜೋಪಾನವಾಗಿಡಿ. ಆಮೇಲೆ ಧೈರ್ಯವಾಗಿ ಕೇಳಿ: "ಡಾಕ್ಟ್ರೇ, ಹೋದ ಸಲಕ್ಕಿಂತ ಇದು ಇಳಿದಿದೆಯಾ?"