ಜೋರ್ಡನ್ ಆಂಡರ್ಸನನ ಸಂಬಳದ ಲೆಕ್ಕ

ದಾಸ್ಯದಿಂದ ಬಿಡುಗಡೆ ಹೊಂದಿದವನಿಗೆ ಸ್ವಾತಂತ್ರ್ಯವು ಮೊದಲು ದುಡಿಮೆಯ ಸಂಬಳದಲ್ಲಿಯೇ ಅನುಭವಕ್ಕೆ ಬಂದಿತೆಂಬುದಕ್ಕೆ ಜೋರ್ಡನ್ ಆಂಡರ್ಸನನ ಜೀವನವು ನಿದರ್ಶನವಾಗಿದೆ. ಈತನು ಅಮೆರಿಕಾದ ಟೆನೆಸೀ ಪ್ರಾಂತದಲ್ಲಿ ಕರ್ನಲ್ ಪಿ. ಎಚ್. ಆಂಡರ್ಸನ್ ಎಂಬವನ ಗುಲಾಮನಾಗಿದ್ದನು. ಅಂತರ್ಯುದ್ಧದ ನಡುವೆ, 1864ರಲ್ಲಿ, ನ್ಯಾಷ್‌ವಿಲ್ಲಿನ ಸೇನಾಧಿಕಾರಿಯಿಂದ ವಿಮೋಚನಾಪತ್ರವನ್ನು ಪಡೆದನು. ಬಳಿಕ ಹೆಂಡತಿ ಮಕ್ಕಳೊಡನೆ ಒಹಾಯೋ ಪ್ರಾಂತದ ಡೇಟನ್ ನಗರದಲ್ಲಿ ನೆಲಸಿದನು.

ಅಲ್ಲಿ ಆತನಿಗೆ ತಿಂಗಳಿಗೆ 25 ಡಾಲರು ಸಂಬಳವೂ ಊಟ ಬಟ್ಟೆಗಳೂ ದೊರೆಯುತ್ತಿದ್ದುವು. ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಯುದ್ಧವು ಮುಗಿದ ಮೇಲೆ ಹಳೆಯ ಒಡೆಯನು, ಮರಳಿ ಬಂದು ಕೆಲಸ ಮಾಡಬೇಕೆಂದು ಓಲೆ ಬರೆದನು. ಇದಕ್ಕೆ 1865ನೆಯ ಆಗಸ್ಟ್ 7ರಂದು ಜೋರ್ಡನನು ಹೇಳಿ ಬರೆಯಿಸಿದ ಉತ್ತರವು ವೃತ್ತಪತ್ರಿಕೆಗಳಲ್ಲಿ ಪ್ರಕಟವಾಯಿತು. ಅದೇ ವರ್ಷ ಲಿಡಿಯಾ ಮರಿಯಾ ಚೈಲ್ಡಳು ಬಿಡುಗಡೆ ಹೊಂದಿದವರಿಗಾಗಿ ಸಂಕಲಿಸಿದ ಗ್ರಂಥದಲ್ಲಿಯೂ ಸೇರಿತು.

ಉತ್ತರದ ತಿರುಳು ಒಂದು ಲೆಕ್ಕ. ಒಡೆಯನ ಮಾತಿನಲ್ಲಿ ನಂಬಿಕೆಯುಂಟಾಗಬೇಕಾದರೆ ಹಿಂದಿನ ದುಡಿಮೆಯ ಸಂಬಳವನ್ನು ಮೊದಲು ಕಳುಹಿಸಲಿ ಎಂಬುದೇ ಆತನ ಷರತ್ತು. ತಾನು ದುಡಿದುದು 32 ವರ್ಷ. ತಿಂಗಳಿಗೆ 25 ಡಾಲರಿನಂತೆ 9,600 ಡಾಲರು. ಹೆಂಡತಿ ಮ್ಯಾಂಡಿ ದುಡಿದುದು 20 ವರ್ಷ. ವಾರಕ್ಕೆ 2 ಡಾಲರಿನಂತೆ 2,080 ಡಾಲರು. ಒಟ್ಟು 11,680 ಡಾಲರು, ಅದರ ಮೇಲೆ ಬಡ್ಡಿ. ತಮಗೆ ಕೊಟ್ಟ ಬಟ್ಟೆಯ ವೆಚ್ಚವನ್ನೂ, ವೈದ್ಯನು ಮೂರು ಸಲ ಬಂದುದರ ಮತ್ತು ಮ್ಯಾಂಡಿಯ ಒಂದು ಹಲ್ಲು ಕೀಳಿಸಿದುದರ ಖರ್ಚನ್ನೂ ಕಳೆದುಕೊಳ್ಳಲು ಆತನು ಒಪ್ಪುತ್ತಾನೆ. ಬಳಿಕ, ಬೆಳೆದ ಹೆಣ್ಣುಮಕ್ಕಳ ಮಾನಕ್ಕೆ ಅಲ್ಲಿ ರಕ್ಷಣೆಯುಂಟೇ, ಕರಿಯರ ಮಕ್ಕಳಿಗೆ ಶಾಲೆಯುಂಟೇ ಎಂದು ಕೇಳುತ್ತಾನೆ. ತನ್ನ ಮೇಲೆ ಒಡೆಯನು ಗುಂಡು ಹಾರಿಸಿದುದನ್ನೂ ಮರೆತಿಲ್ಲ.

ವಿನಯದ ಮಾತಿನೊಳಗೆ ಇಷ್ಟು ಹರಿತವಾದ ವ್ಯಂಗ್ಯವನ್ನು ಕಂಡು, ಇದು ಬಿಳಿಯರ ಕಲ್ಪನೆಯಿರಬಹುದೆಂದು ಶಂಕಿಸಿದವರುಂಟು. ಬರೆದ ಕೈ ಬೇರೆಯವರದೆಂಬುದು ನಿಜ. ಆದರೆ ಜೋರ್ಡನನು ಡೇಟನ್ನಿನಲ್ಲಿ ವಾಸವಾಗಿದ್ದನೆಂಬುದಕ್ಕೆ ಜನಗಣತಿಯ ದಾಖಲೆಗಳೇ ಸಾಕ್ಷಿ. ಹಲ್ಲಿನ ಖರ್ಚಿನಂತಹ ಸಂಗತಿಗಳಾದರೋ ಅನುಭವಿಸಿದವನ ನೆನಪಿನಿಂದಲ್ಲದೆ ಸುಲಭವಾಗಿ ಬರತಕ್ಕವಲ್ಲ.

ಆತನು ಮರಳಿ ಹೋಗಲಿಲ್ಲ. ಡೇಟನ್ನಿನಲ್ಲಿಯೇ ದುಡಿದು ಬಾಳಿ, 20ನೆಯ ಶತಮಾನದ ಮೊದಲ ದಶಕದಲ್ಲಿ ಅಲ್ಲಿಯೇ ತೀರಿಕೊಂಡನು. ಗುಲಾಮನ ದುಡಿಮೆಗೆ ಬೆಲೆ ಕಟ್ಟುವ ಅಧಿಕಾರವು ಒಡೆಯನೊಬ್ಬನದೇ ಆಗಿದ್ದ ನಾಡಿನಲ್ಲಿ, ದುಡಿದವನೇ ಬೆಲೆ ಕಟ್ಟಿದುದು ಈ ಓಲೆಯ ಹಿರಿಮೆ.