ಬಾಳು ನಮ್ಮ ಕೈಯಲ್ಲಿ ಎಷ್ಟು? ಯುವ ಉದ್ಯೋಗಿಗಳು ಮತ್ತು ಸಂಸ್ಕೃತಿ

ನಮ್ಮ ನಾಡಿನ ಕಚೇರಿಗಳಲ್ಲಿ ದುಡಿಯುವ ಯುವಕ ಯುವತಿಯರು ಎರಡು ಬಗೆಯ ಮಾತುಗಳನ್ನು ನಿತ್ಯ ಕೇಳುತ್ತಾರೆ. ‘ನಿನ್ನ ಏಳಿಗೆಗೆ ನೀನೇ ಹೊಣೆ’ ಎನ್ನುತ್ತದೆ ಕಚೇರಿ. ‘ಹಣೆಬರಹ ತಪ್ಪದು, ಹಿರಿಯರು ಹೇಳಿದಂತೆ ನಡೆ’ ಎನ್ನುತ್ತದೆ ಮನೆ. ಬಡ್ತಿ ತಪ್ಪಿದಾಗ ಕೆಲವರು ತಮ್ಮನ್ನೇ ಹಳಿದುಕೊಂಡು ಕುಗ್ಗುತ್ತಾರೆ; ಕೆಲವರು ಎಲ್ಲವನ್ನೂ ವಿಧಿಗೆ ಒಪ್ಪಿಸಿ ಕೈಚೆಲ್ಲುತ್ತಾರೆ. ಇದನ್ನು ನಾವು ಅವರವರ ಸ್ವಭಾವವೆಂದು ತಿಳಿಯುತ್ತೇವೆ. ಆದರೆ ಇದರಲ್ಲಿ ಸಂಸ್ಕೃತಿಯ ಪಾಲೂ ದೊಡ್ಡದಿದೆ.

ಅಮೆರಿಕದ ಮನೋವಿಜ್ಞಾನಿ ಜೂಲಿಯನ್ ರಾಟರ್ 1966ರಲ್ಲಿ ಈ ವಿಷಯವನ್ನು ವಿವರವಾಗಿ ಮಂಡಿಸಿದರು. ಫಲವು ತನ್ನ ಪ್ರಯತ್ನದಿಂದ ದೊರೆಯುತ್ತದೆಂದು ನಂಬುವವರು ಕೆಲವರು. ಅದೃಷ್ಟದಿಂದ ಅಥವಾ ಬಲವುಳ್ಳವರ ಇಚ್ಛೆಯಿಂದ ದೊರೆಯುತ್ತದೆಂದು ನಂಬುವವರು ಕೆಲವರು. ಹೆಚ್ಚಿನ ಜನರು ಇವೆರಡರ ನಡುವೆ ಎಲ್ಲೋ ಇರುತ್ತಾರೆ.

ಈ ದೃಷ್ಟಿಗೆ ಹತ್ತಿರವಾದ ಒಂದು ಅಧ್ಯಯನ ನಮ್ಮ ಮೈಸೂರಿನಲ್ಲೇ ನಡೆದಿದೆ. ಜೋನ್ ಮಿಲ್ಲರ್ ಎಂಬ ವಿದುಷಿ ಮೈಸೂರು ಮತ್ತು ಷಿಕಾಗೊ ನಗರಗಳ ಮಕ್ಕಳನ್ನೂ ವಯಸ್ಕರನ್ನೂ ಹೋಲಿಸಿ 1984ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಒಬ್ಬರು ಹಾಗೇಕೆ ನಡೆದುಕೊಂಡರು ಎಂದು ಕೇಳಿದರೆ ಷಿಕಾಗೊದ ವಯಸ್ಕರು ಹೆಚ್ಚಾಗಿ ಆ ವ್ಯಕ್ತಿಯ ಗುಣವನ್ನು ಹೇಳಿದರು. ಮೈಸೂರಿನ ವಯಸ್ಕರು ಹೆಚ್ಚಾಗಿ ಸನ್ನಿವೇಶವನ್ನೂ ಸಂಬಂಧಗಳನ್ನೂ ಹೇಳಿದರು. ಎಂಟು ವರ್ಷದ ಮಕ್ಕಳಲ್ಲಿ ಮಾತ್ರ ಈ ಅಂತರ ಅಷ್ಟಾಗಿ ಕಾಣಲಿಲ್ಲ. ವಯಸ್ಸಿನೊಂದಿಗೆ ಅದು ಬೆಳೆಯಿತು. ಕಾರಣವನ್ನು ಎಲ್ಲಿ ಹುಡುಕಬೇಕೆಂಬುದನ್ನು ನಾವು ಬೆಳೆಯುತ್ತಾ ಕಲಿಯುತ್ತೇವೆ ಎಂಬುದು ಇದರಿಂದ ತಿಳಿಯುತ್ತದೆ. ಕಲಿತದ್ದನ್ನು ತಿದ್ದಿಕೊಳ್ಳಲೂ ಬರುತ್ತದೆ.

ಹೊಂದಿಕೊಳ್ಳುವುದೆಲ್ಲ ದೌರ್ಬಲ್ಯವೆಂದು ತಿಳಿಯಬೇಕಾಗಿಲ್ಲ. ಅದೇ ವರ್ಷ ಅಮೆರಿಕ ಮತ್ತು ಜಪಾನುಗಳನ್ನು ಹೋಲಿಸಿದ ವಿದ್ವಾಂಸರು, ಪರಿಸ್ಥಿತಿಯನ್ನು ಬದಲಿಸುವುದು ಒಂದು ಬಗೆಯ ಹಿಡಿತವಾದರೆ ಅದಕ್ಕೆ ತಕ್ಕಂತೆ ತನ್ನನ್ನು ಹದಗೊಳಿಸಿಕೊಳ್ಳುವುದು ಇನ್ನೊಂದು ಬಗೆಯ ಹಿಡಿತವೆಂದು ವಾದಿಸಿದರು. ಎರಡಕ್ಕೂ ಅದರದರ ಸಮಯವುಂಟು.

ಹನ್ನೆರಡನೆಯ ಶತಮಾನದ ಶರಣರು ಈ ಪ್ರಶ್ನೆಯನ್ನು ತಮ್ಮದೇ ರೀತಿಯಲ್ಲಿ ಎದುರಿಸಿದರು. ಶುಭಮುಹೂರ್ತ, ಶಕುನಗಳ ಭಯವನ್ನು ಅವರು ತಳ್ಳಿಹಾಕಿದರು. ಹುಟ್ಟಿನಿಂದ ಮನುಷ್ಯನ ಯೋಗ್ಯತೆಯನ್ನು ಅಳೆಯುವುದನ್ನು ಒಪ್ಪಲಿಲ್ಲ. ಕಾಯಕದ ಪ್ರಾಮಾಣಿಕತೆ ನಮ್ಮ ಕೈಯಲ್ಲಿದೆ. ಅದರ ಫಲ ದಾಸೋಹದ ಮೂಲಕ ಸಮಾಜಕ್ಕೆ ಸಲ್ಲಬೇಕು. ಹೀಗೆ ನೋಡಿದಾಗ ಹೊಣೆಗಾರಿಕೆಯೂ ಉಳಿಯುತ್ತದೆ, ‘ಎಲ್ಲವೂ ನನ್ನಿಂದಲೇ’ ಎಂಬ ಅಹಂಕಾರವೂ ಇಳಿಯುತ್ತದೆ.

ಆದರೆ ಹೊರೆಯನ್ನೆಲ್ಲ ಯುವಜನರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಕೆಲಸದ ಒತ್ತಡ ಹೆಚ್ಚಿದ್ದು, ನಿರ್ಧರಿಸುವ ಸ್ವಾತಂತ್ರ್ಯ ಕಡಿಮೆಯಿದ್ದಲ್ಲಿ ಮನಸ್ಸು ಹೆಚ್ಚು ಬಳಲುತ್ತದೆಂದು ರಾಬರ್ಟ್ ಕರಾಸೆಕ್ 1979ರಲ್ಲೇ ತೋರಿಸಿದರು. ಕೆಲಸವನ್ನು ಹೇಗೆ ಮಾಡಬೇಕೆಂಬುದರಲ್ಲಿ ಕಿರಿಯರ ಮಾತಿಗೂ ಬೆಲೆ ಕೊಡುವುದು ಮೇಲಧಿಕಾರಿಗಳ ಕರ್ತವ್ಯ. ಓದು, ಉದ್ಯೋಗ, ವಿವಾಹಗಳಲ್ಲಿ ಮಕ್ಕಳ ಆಯ್ಕೆಗೆ ಕಿವಿಗೊಡುವುದು ತಂದೆತಾಯಿಗಳ ಕರ್ತವ್ಯ. ಎಂದೂ ನಿರ್ಧರಿಸಲು ಬಿಡದ ಮಗುವಿನಿಂದ ಕಚೇರಿಯಲ್ಲಿ ಧೈರ್ಯವನ್ನು ನಿರೀಕ್ಷಿಸುವುದು ಹೇಗೆ?

ಯುವಜನರು ಸೋಲು ಎದುರಾದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಇದರಲ್ಲಿ ನನ್ನ ಪಾಲು ಎಷ್ಟು? ವ್ಯವಸ್ಥೆಯ ಪಾಲು ಎಷ್ಟು? ನಾಳೆ ನಾನು ಮಾಡಬಹುದಾದ ಒಂದು ಕೆಲಸ ಯಾವುದು? ಉತ್ತರ ಕಾಣದೆ ಮನಸ್ಸು ಕುಸಿದರೆ ಆಪ್ತರೊಡನೆ, ಅಗತ್ಯವಿದ್ದರೆ ವೈದ್ಯರೊಡನೆ ಮಾತನಾಡಲಿ. ನೆರವು ಕೇಳುವ ನಿರ್ಧಾರವೂ ನಮ್ಮ ಕೈಯಲ್ಲಿರುವ ಶಕ್ತಿಯೇ ಆಗಿದೆ.